ಮುಳ್ಳು ನಿಲ್ಲುವ ತನಕ

ತಕ್ಕಡಿ ರಿಪೇರಿ ಮಾಡುವವನಿಗೆ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಏನು ಕೆಲಸ ಎಂದು ಹೊಸಬರು ಕೇಳುತ್ತಿದ್ದರು. ಹಳಬರು ಕೇಳುತ್ತಿರಲಿಲ್ಲ. ಯಾರನ್ನು ಯಾರ ಎದುರು ನಿಲ್ಲಿಸಬೇಕು, ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಅಲ್ಲಿ ಬಹಳ ವರ್ಷಗಳಿಂದ ಅವನೇ ಹೇಳುತ್ತಿದ್ದ. ಹಗಲೆಲ್ಲ ಅಂಗಡಿಯಲ್ಲಿ ಕೂತು ದಿನಸಿಯವರ, ಗುಜರಿಯವರ, ಚಿನ್ನದ ಕೆಲಸದವರ ತಕ್ಕಡಿಗಳನ್ನು ಬಿಚ್ಚಿ ಸರಿಮಾಡುತ್ತಿದ್ದ. ಸಂಜೆ ಕ್ಲಬ್ಬಿಗೆ ಬಂದು ಮನುಷ್ಯರ ಜೋಡಿ ಕೂಡಿಸುತ್ತಿದ್ದ. ಅವನ ನಿಜವಾದ ಹೆಸರನ್ನು ಜನ ಯಾವಾಗಲೋ ಮರೆತು ಅವನನ್ನೇ ತಕ್ಕಡಿ ಎಂದು ಕರೆಯತೊಡಗಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಅವನಿಗೆ ಎರಡು ನೇಮಗಳಿದ್ದವು. ಅವನ ತಕ್ಕಡಿಯ ಮೇಲೆ ನಿಂತು, ಅವನಿಂದ ‘ಹೂಂ’ ಅನ್ನಿಸಿಕೊಳ್ಳದೆ ಯಾರೂ ರಿಂಗಿನೊಳಗೆ ಕಾಲಿಡುವಂತಿರಲಿಲ್ಲ. ಕ್ಲಬ್ಬಿನಲ್ಲಿ ಅದು ಎಲ್ಲೂ ಬರೆದಿರದ ಕಾನೂನು. ಇನ್ನೊಂದು ಸ್ವಲ್ಪ ವಿಚಿತ್ರವಾದದ್ದು. ಪಂದ್ಯ ಶುರುವಾದ ಮೇಲೆ ಅವನು ಅದನ್ನು ನೋಡುತ್ತಿರಲಿಲ್ಲ. ತನ್ನ ಕಬ್ಬಿಣದ ಕುರ್ಚಿಯನ್ನು ಎತ್ತಿಕೊಂಡು ಹೊರಗಿನ ಕಾರಿಡಾರಿಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಕೂತು, ಒಳಗಿನ ಸದ್ದನ್ನಷ್ಟೇ ಕೇಳುತ್ತಿದ್ದ. ಕಣ್ಣಿನಿಂದ ನೋಡಿದರೆ ಯಾರಾದರೊಬ್ಬರ ಮೇಲೆ ಮನಸ್ಸು ಬಂದುಬಿಡುತ್ತದೆ, ಮುಂದಿನ ಜೋಡಿ ಕಟ್ಟುವಾಗ ಕೈ ಆ ಕಡೆಗೇ ವಾಲುತ್ತದೆ ಎಂಬುದು ಅವನ ವಾದ. ಜನರ ಕೂಗು ಎರಡೂ ಕಡೆಯಿಂದ ಸಮವಾಗಿ ಬಂದರೆ ಜೋಡಿ ಸರಿ. ಒಂದೇ ಕಡೆಯಿಂದ ಬಂದರೆ ತಪ್ಪು. ಅಷ್ಟೇ ಲೆಕ್ಕ. ಆ ಲೆಕ್ಕ ಬಹಳ ಮಟ್ಟಿಗೆ ಸರಿಹೋಗುತ್ತಲೂ ಇತ್ತು.

ಊರಿನವರೆಲ್ಲ ಕಾಯುತ್ತಿದ್ದ ಜೋಡಿಯನ್ನು ಮಾತ್ರ ಅವನು ಇನ್ನೂ ಕೂಡಿಸಿರಲಿಲ್ಲ.

ಒಬ್ಬಳು ಸಿಟಿ ಬಸ್ಸಿನ ಡ್ರೈವರು. ಮೂವತ್ತು ದಾಟಿದವಳು, ಎಡಗೈಯವಳು, ಯಾರಿಗೂ ಸೋತಿರಲಿಲ್ಲ. ಎಲ್ಲರ ಬಾಯಲ್ಲಿ ಬಸ್ಸಕ್ಕ. ಇನ್ನೊಬ್ಬಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡುವ ಹುಡುಗಿ. ಅವಳೂ ಸೋತಿರಲಿಲ್ಲ, ಅವಳ ಹೆಸರು ಇಸ್ತ್ರಿ ಎಂದೇ ಆಗಿತ್ತು. ಇಬ್ಬರದೂ ಒಂದೇ ತೂಕ. ಇದರಲ್ಲಿ ತಮಾಷೆಯ ಸಂಗತಿ ಏನೆಂದರೆ ಇಸ್ತ್ರಿ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಬಸ್ಸಕ್ಕನ ಬಸ್ಸಿನಲ್ಲೇ. ಬೇರೆ ಬಸ್ಸು ಆ ದಾರಿಯಲ್ಲಿ ಇರಲಿಲ್ಲ. ಇಬ್ಬರೂ ಮಾತಾಡಕೂಡದು, ಮುಖ ಕೊಟ್ಟು ನಗಕೂಡದು ಎಂದು ಕ್ಲಬ್ಬಿನ ಯಜಮಾನ ತಾಕೀತು ಮಾಡಿದ್ದ. ಹಾಗಾಗಿ ಹುಡುಗಿ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು, ಬಸ್ಸಕ್ಕ ಕನ್ನಡಿಯಲ್ಲಿ ಅವಳೊಬ್ಬಳನ್ನು ಬಿಟ್ಟು ಉಳಿದ ಎಲ್ಲರನ್ನೂ ನೋಡುತ್ತಿದ್ದಳು. ಇವರು ಮಾತಾಡದೆ ಇರುವುದನ್ನು ನೋಡಲೆಂದೇ ಕೆಲವರು ಕೆಲಸವಿಲ್ಲದಿದ್ದರೂ ಆ ಬಸ್ಸು ಹತ್ತುತ್ತಿದ್ದರು.

ಯಜಮಾನ ಬೇರೆ ಯಾರೂ ಅಲ್ಲ, ತಕ್ಕಡಿಯ ಹೆಂಡತಿಯ ತಮ್ಮ. ಒಂದು ಸಂಜೆ ಅಕ್ಕನ ಮನೆಗೆ ಬಂದವನು ಊಟದ ಮೇಜಿನ ಮೇಲೆ ಪೋಸ್ಟರಿನ ಮಾದರಿ ಹರಡಿದ. ತಾರೀಕಿನ ಜಾಗ ಖಾಲಿ ಇತ್ತು.

“ನೋಡಿ ಭಾವ, ‘ಯಾವಾಗ?’ ಅಂತ ಅಷ್ಟೇ ಹಾಕಿಸಿದ್ದೀನಿ. ಜನ ತಲೆ ಕೆಡಿಸ್ಕೊಳ್ಲಿ. ಇನ್ನೂ ಒಂದು ವರ್ಷ ಹೀಗೇ ಎಳೆದ್ರೆ ಕ್ಲಬ್ಬಲ್ಲ, ಸ್ಟೇಡಿಯಂ ಸಾಲಲ್ಲ.”

“ಎಳೆಯೋದಲ್ಲ ಕಣೋ,” ಎಂದ ತಕ್ಕಡಿ. “ಮುಳ್ಳು ಇನ್ನೂ ಅಲ್ಲಾಡ್ತಾ ಇದೆ. ಅಲ್ಲಾಡೋ ಮುಳ್ಳು ನೋಡಿ ತೂಕ ಹೇಳೋಕಾಗಲ್ಲ. ನಿಲ್ಲಬೇಕು.”

“ನಿನ್ನ ಭಾವ ನಾಲ್ಕು ವರ್ಷ ಆದ್ರೂ ನನ್ನ ಮದುವೆಗೆ ಕೇಳಲಿಲ್ಲ,” ಎಂದಳು ಹೆಂಡತಿ, ಪೋಸ್ಟರನ್ನು ಒಂದು ಬೆರಳಿನಿಂದ ಆಚೆ ತಳ್ಳಿ ಅಲ್ಲಿ ತಟ್ಟೆ ಇಡುತ್ತ. “ಆಗಲೂ ಮುಳ್ಳೇ ಅಲ್ಲಾಡ್ತಿತ್ತಂತೆ. ಕೊನೆಗೆ ನಾನೇ ಕೇಳಿದೆ.”

“ಚೆನ್ನಾಗೇ ಆಯ್ತಲ್ಲ?” ಎಂದ ತಕ್ಕಡಿ.

“ಆಯ್ತು. ಮೊದಲೇ ಕೇಳಿದ್ರೆ ನಾಲ್ಕು ವರ್ಷ ಮೊದಲೇ ಚೆನ್ನಾಗಾಗ್ತಿತ್ತು.”

ತಮ್ಮ ಬಿದ್ದು ಬಿದ್ದು ನಕ್ಕ. ತಕ್ಕಡಿಯೂ ನಕ್ಕ, ಆದರೆ ತನ್ನ ಮಾತು ಬದಲಿಸಲಿಲ್ಲ. ಬಸ್ಸಕ್ಕನ ಪಂದ್ಯಗಳ ದಿನ ಕಾರಿಡಾರಿನಲ್ಲಿ ಕೇಳುವ ಕೂಗು ಸಲದಿಂದ ಸಲಕ್ಕೆ ಏರುತ್ತಿತ್ತು. ಇಸ್ತ್ರಿಯದ್ದೂ ಏರುತ್ತಿತ್ತು. ಎರಡೂ ಇನ್ನೂ ಏರುತ್ತಿರುವಾಗ ಅವಸರವೇಕೆ?

ಆ ವಾರವೇ ಬಸ್ಸಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಬಂದಳು. ಖಾಕಿ ಅಂಗಿಯಲ್ಲೇ ಇದ್ದಳು. ತಕ್ಕಡಿ ಒಬ್ಬ ತರಕಾರಿಯವನ ಸ್ಪ್ರಿಂಗ್ ತಕ್ಕಡಿಯನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದ.

“ಏನಾಗಿದೆ ಅಣ್ಣ ಇದಕ್ಕೆ?”

“ಅಂಗಡಿ ಮುಚ್ಚಿ ಊರಿಗೆ ಹೋಗೋವಾಗ ಕೊಕ್ಕೆಗೆ ಮೂಟೆ ನೇತುಹಾಕಿ ಹೋಗಿದ್ದಾನೆ ಪುಣ್ಯಾತ್ಮ. ವಾಪಸ್ ಬಂದು ನೋಡಿದ್ರೆ ಏನೂ ಇಲ್ಲದಿದ್ರೂ ಮುಳ್ಳು ಸೊನ್ನೆಗೆ ಬರ್ತಿಲ್ಲ. ಸ್ಪ್ರಿಂಗು ಹಿಗ್ಗಿಬಿಟ್ಟಿದೆ.”

“ಭಾರ ಜಾಸ್ತಿ ಆಯ್ತಾ?”

“ಭಾರ ಸರಿಯಾಗೇ ಇತ್ತು. ತುಂಬಾ ದಿನ ಇತ್ತು, ಅಷ್ಟೇ.”

ಬಸ್ಸಕ್ಕ ಸ್ಟೂಲು ಎಳೆದುಕೊಂಡು ಕೂತಳು. ಆ ಸ್ಪ್ರಿಂಗನ್ನು ಕೈಗೆತ್ತಿಕೊಂಡು ಎರಡು ಬೆರಳ ನಡುವೆ ಒತ್ತಿ ಬಿಟ್ಟಳು.

“ಆ ಹುಡುಗಿ ಜೊತೆ ನನ್ನ ಪಂದ್ಯ ಈ ತಿಂಗಳೇ ಇಡಿ ಅಣ್ಣ.”

“ಇನ್ನೂ ಹದ ಬಂದಿಲ್ಲಮ್ಮ. ಜನರ ಕೂಗು ಕೇಳ್ತಿದ್ದೀಯಲ್ಲ, ಹೋದ ಸಲ ಗೋಡೆ ಅದುರಿತು.”

“ಕೂಗು ಬಿಡಿ. ನನ್ನ ಆಟ ಯಾವತ್ತಾದ್ರೂ ನೋಡಿದ್ದೀರಾ ನೀವು?”

ಅವನು ನೋಡಿಲ್ಲ ಎನ್ನುವುದು ಕ್ಲಬ್ಬಿಗೆಲ್ಲ ಗೊತ್ತಿದ್ದ ಸಂಗತಿ.

“ಬನ್ನಿ,” ಎಂದಳು. “ನನ್ನ ಬಸ್ಸಲ್ಲಿ ಒಂದು ಟ್ರಿಪ್ ಕೂತ್ಕೊಳ್ಳಿ. ಮುಂದಿನ ಸೀಟು.”

ಅಂಗಡಿಗೆ ಬೀಗ ಹಾಕಿ ಅವನು ಹೋದ. ಬಸ್ಸು ಮಾರ್ಕೆಟ್ಟು ದಾಟಿ, ಆಸ್ಪತ್ರೆಯ ಗೇಟು ಹಾದು, ಶಾಲೆಯ ತಿರುವಿಗೆ ಬಂತು. ನಿಂತಿದ್ದ ಲಾರಿಯೊಂದರ ಹಿಂದಿನಿಂದ ಸೈಕಲ್ಲಿನವನೊಬ್ಬ ಅಡ್ಡ ಬಂದ. ಬಸ್ಸಕ್ಕ ಬ್ರೇಕು ಹಾಕಿದಳು. ಬಸ್ಸು ನಿಂತಿತು, ಸೈಕಲ್ಲಿನವನು ಬೈದುಕೊಂಡು ಹೋದ, ಪ್ರಯಾಣಿಕರು ಮಾತು ನಿಲ್ಲಿಸಿದವರು ಮತ್ತೆ ಶುರುಮಾಡಿದರು. ಯಾರಿಗೂ ಏನೂ ಅನಿಸಲಿಲ್ಲ. ತಕ್ಕಡಿ ಮಾತ್ರ ಅವಳ ಕಾಲನ್ನೇ ನೋಡುತ್ತಿದ್ದ. ಸೈಕಲ್ಲು ಕಂಡದ್ದಕ್ಕೂ ಕಾಲು ಕದಲಿದ್ದಕ್ಕೂ ನಡುವೆ ಒಂದು ಸಣ್ಣ ಸಂದು ಇತ್ತು. ಕೂದಲೆಳೆಯಷ್ಟು. ಒಳ್ಳೆಯ ತಕ್ಕಡಿಯಲ್ಲಾದರೆ ಅಂಥದನ್ನು ಅವನು ಬಿಚ್ಚಿ ನೋಡದೆ ವಾಪಸ್ ಕೊಡುತ್ತಿರಲಿಲ್ಲ.

ಕನ್ನಡಿಯಲ್ಲಿ ಬಸ್ಸಕ್ಕ ಅವನ ಮುಖ ನೋಡಿದಳು.

“ಮೊದಲು ಕಾಲೇ ಹೋಗ್ತಿತ್ತು, ಆಮೇಲೆ ನನಗೆ ಗೊತ್ತಾಗ್ತಿತ್ತು,” ಎಂದಳು. “ಈಗ ನಾನು ಹೇಳ್ಬೇಕು, ಆಮೇಲೆ ಹೋಗತ್ತೆ. ಡಿಪೋದಲ್ಲಿ ಹೇಳಿದ್ದೀನಿ, ಮುಂದಿನ ತಿಂಗಳಿಂದ ಬಸ್ಸು ಬಿಟ್ಟು ಪಾಸ್ ಕೌಂಟರ್. ರಿಂಗಲ್ಲೂ ಹೀಗೇ ಆಗ್ತಿದೆ. ಈಗ ಬರೋರು ನಿಧಾನ, ಅದಕ್ಕೆ ನಡೀತಿದೆ. ಅವಳು ನಿಧಾನ ಅಲ್ಲ.”

“ಮತ್ತೆ ಅವಳ ಜೊತೆಗೇ ಬೇಕು ಅಂತೀಯಾ?”

“ಅವಳ ಜೊತೆಗೇ. ನಾನು ಇನ್ನೂ ನಾನಾಗಿರೋವಾಗ. ನಿಮ್ಮ ಭಾವಮೈದ ಹೇಳೋ ಒಂದು ವರ್ಷ ಆದ್ಮೇಲೆ ಅಲ್ಲಿ ನಿಲ್ಲೋದು ನನ್ನ ಅಂಗಿ ಹಾಕ್ಕೊಂಡ ಇನ್ಯಾರೋ.”

ಭಾವಮೈದ ಒಪ್ಪಲಿಲ್ಲ. ತಕ್ಕಡಿ ಹೋಗಿ ಕೇಳಿದಾಗ ಕೈ ಮುಗಿದುಬಿಟ್ಟ. “ಸ್ಟೇಡಿಯಂನೋರ ಹತ್ರ ಮಾತಾಡಿ ಬಂದಿದ್ದೀನಿ ಭಾವ. ಕಾಯಿಸಿ ಅಂತ ಹೇಳಿಕೊಟ್ಟೋರು ನೀವೇ. ಈಗ ನೀವೇ ಬಂದು ಒಲೆ ಆರಿಸ್ತೀರಾ?”

ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರೂ ಒಟ್ಟಿಗೇ ಬಂದು ಬಾಗಿಲಲ್ಲಿ ನಿಂತರು, ಬಸ್ಸಕ್ಕ ಮತ್ತು ಇಸ್ತ್ರಿ. ಮಾತಾಡಕೂಡದೆಂಬ ತಾಕೀತನ್ನು ಅವರು ಎಂದಿನಿಂದ ಮುರಿದಿದ್ದರೋ, ಅವನು ಕೇಳಲಿಲ್ಲ.

“ನಾಳೆ ಭಾನುವಾರ, ಕ್ಲಬ್ಬಿಗೆ ರಜ,” ಎಂದಳು ಬಸ್ಸಕ್ಕ. “ಬೆಳಿಗ್ಗೆ ನಾವಿಬ್ರೂ ಬರ್ತೀವಿ. ಆರು ಸುತ್ತು. ಜನ ಇಲ್ಲ, ಪೋಸ್ಟರ್ ಇಲ್ಲ. ನೀವು ತಕ್ಕಡಿ ತಗೊಂಡು ಬನ್ನಿ.”

“ತಕ್ಕಡಿ ಯಾಕೆ?”

“ನೀವು ತೂಗ್ದೆ ಇದ್ರೆ ಅದು ಜಗಳ ಆಗತ್ತೆ ಸಾರ್,” ಎಂದಳು ಇಸ್ತ್ರಿ. “ನಮಗೆ ಪಂದ್ಯ ಬೇಕು.”

“ನಿನಗೇನಮ್ಮ ಅವಸರ? ನಿನಗೆ ವಯಸ್ಸಿದೆ. ಕಾದ್ರೆ ಸ್ಟೇಡಿಯಂ ನಿಂದೇ.”

“ಕಾದು ಗೆದ್ರೆ ಮುದುಕಿನ ಹೊಡೆದಳು ಅಂತಾರೆ.”

“ಯಾರೇ ಮುದುಕಿ?” ಎಂದಳು ಬಸ್ಸಕ್ಕ.

“ನಾಳೆ ಅಲ್ಲ ಅಕ್ಕ. ಮುಂದಿನ ವರ್ಷ.”

ಭಾನುವಾರ ಅವನು ತಕ್ಕಡಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತಂದ. ಕ್ಲಬ್ಬಿನ ಮೇಲಿನ ಕಿಟಕಿಗಳಿಂದ ಬಿಸಿಲು ಓರೆಯಾಗಿ ರಿಂಗಿನ ಮೇಲೆ ಬಿದ್ದಿತ್ತು. ನೆಲದ ಒಂದು ಮೂಲೆ ಸಮವಿರಲಿಲ್ಲ. ರಟ್ಟಿನ ಚೂರು ಮಡಿಸಿ ತಕ್ಕಡಿಯ ಕಾಲಿನ ಕೆಳಗಿಟ್ಟ. ಒಬ್ಬೊಬ್ಬರನ್ನೇ ನಿಲ್ಲಿಸಿ, ಮುಳ್ಳು ನಿಲ್ಲುವ ತನಕ ಉಸಿರು ಹಿಡಿಯಲು ಹೇಳಿ, ನೋಡಿದ. “ಹೂಂ,” ಎಂದ. ಆಮೇಲೆ ಅಭ್ಯಾಸದಂತೆ ಕುರ್ಚಿ ಎತ್ತಿಕೊಂಡು ಬಾಗಿಲ ಕಡೆ ಹೊರಟ.

“ಎಲ್ಲಿಗೆ?” ಎಂದಳು ಬಸ್ಸಕ್ಕ. “ಗಂಟೆ ಯಾರು ಹೊಡೀತಾರೆ? ನಿಮ್ಮಜ್ಜಿನಾ?”

ನಿಜವಾಗಿಯೂ ಬೇರೆ ಯಾರೂ ಇರಲಿಲ್ಲ. ಕೇಳಲು ಜನರ ಕೂಗೂ ಇರಲಿಲ್ಲ. ಅವನು ಕುರ್ಚಿಯನ್ನು ರಿಂಗಿನ ಪಕ್ಕಕ್ಕೆ ಹಾಕಿ, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆ ಹೊಡೆದ.

ಮೊದಲ ಸುತ್ತಿನಲ್ಲಿ ಇಬ್ಬರೂ ಹೆಚ್ಚು ಹೊಡೆಯಲಿಲ್ಲ. ಬಸ್ಸಕ್ಕ ಸುತ್ತುತ್ತ ಹುಡುಗಿಯನ್ನು ಮತ್ತೆ ಮತ್ತೆ ತಪ್ಪು ಜಾಗಕ್ಕೆ ಕರೆದೊಯ್ದಳು. ಹುಡುಗಿ ಅಲ್ಲಿಗೆ ಹೋದಾಗಲೆಲ್ಲ ಎಡಗೈ ಮೊದಲೇ ಅಲ್ಲಿ ಕಾಯುತ್ತಿತ್ತು. ಎರಡನೆಯದರಲ್ಲಿ ಇಸ್ತ್ರಿ ಅದನ್ನು ಕಲಿತುಕೊಂಡಳು. ಮೂರನೆಯದರಲ್ಲಿ ಬಸ್ಸಕ್ಕ, ಅವಳು ಕಲಿತದ್ದನ್ನೇ ಅವಳಿಗೆ ತಿರುಗಿಸಿ ಕೊಟ್ಟಳು. ಬರಿಯ ಶೂಗಳ ಕಿರುಗುಟ್ಟು, ಉಸಿರು, ಗ್ಲೌಸಿನ ದಪ್ಪ ಸದ್ದು. ಇಷ್ಟು ವರ್ಷ ತಾನು ಬೆನ್ನು ಹಾಕಿದ್ದು ಈ ಆಟಕ್ಕೆ ಎಂಬುದು ತಕ್ಕಡಿಗೆ ತಡವಾಗಿ ಹೊಳೆಯಿತು. ಸುತ್ತು ಮುಗಿದದ್ದು ಕೂಡ ಅವನಿಗೆ ತಿಳಿಯಲಿಲ್ಲ. ಬಸ್ಸಕ್ಕನೇ ಕತ್ತು ತಿರುಗಿಸಿ, “ಗಂಟೆ!” ಎಂದು ಕೂಗಿದಳು.

ನಾಲ್ಕನೆಯ ಸುತ್ತಿನಲ್ಲಿ ಅವನು ಬಸ್ಸಿನಲ್ಲಿ ಕಂಡಿದ್ದ ಸಂದು ಮತ್ತೆ ಕಂಡಿತು. ಎಡಗೈ ಹೊರಡಬೇಕಾದ ಹೊತ್ತಿಗಿಂತ ಕೂದಲೆಳೆಯಷ್ಟು ತಡವಾಗಿ ಹೊರಟಿತು. ಇಸ್ತ್ರಿಗೂ ಅದು ಕಂಡಿತು. ಅವಳು ಒಂದು ಗಳಿಗೆ ನಿಂತಳು.

“ಹೊಡಿಯೇ,” ಎಂದಳು ಬಸ್ಸಕ್ಕ, ಬಾಯಲ್ಲಿದ್ದ ಗಾರ್ಡಿನ ಸಂದಿಯಿಂದ.

ಹುಡುಗಿ ಹೊಡೆದಳು. ಉಳಿದ ಸುತ್ತುಗಳಲ್ಲಿ ಆ ಸಂದು ಕಂಡಾಗಲೆಲ್ಲ ಹೊಡೆದಳು, ಒಂದನ್ನೂ ಬಿಡಲಿಲ್ಲ. ಬಸ್ಸಕ್ಕ ಬೀಳಲಿಲ್ಲ, ಕೊನೆಯ ಸುತ್ತಿನಲ್ಲಿ ಹುಡುಗಿಯನ್ನು ಎರಡು ಸಲ ಹಗ್ಗಕ್ಕೆ ಒರಗಿಸಿಯೂ ಬಿಟ್ಟಳು. ಕೊನೆಯ ಗಂಟೆಗೆ ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಹಣೆಯಿಟ್ಟು ಉಸಿರು ಎಳೆದುಕೊಂಡರು.

“ಹೇಳಿ ಅಣ್ಣ,” ಎಂದಳು ಬಸ್ಸಕ್ಕ. “ಯಾರು?”

“ಇಸ್ತ್ರಿ,” ಎಂದ ಅವನು. “ಸ್ವಲ್ಪದರಲ್ಲಿ.”

ಅವಳು ತಲೆಯಾಡಿಸಿದಳು. ಹಲ್ಲಿನಿಂದ ಗ್ಲೌಸಿನ ದಾರ ಬಿಚ್ಚುತ್ತ ಮತ್ತೆ ಕೇಳಿದಳು: “ಹೋದ ವರ್ಷ ಆಗಿದ್ರೆ?”

ಹೋದ ವರ್ಷದ ಕೂಗು ತಕ್ಕಡಿಗೆ ನೆನಪಿತ್ತು, ಕಿವಿಯಲ್ಲಿ ಈಗಲೂ ಇತ್ತು. ಬೇರೇನೂ ಇರಲಿಲ್ಲ.

“ಹೋದ ವರ್ಷ ನಾನು ನೋಡಿಲ್ಲಮ್ಮ,” ಎಂದ.

“ಸರಿ,” ಎಂದಳು ಬಸ್ಸಕ್ಕ. ಆಮೇಲೆ ಹುಡುಗಿಯ ಕಡೆ ತಿರುಗಿ, “ನಾಳೆಯಿಂದ ಮುಂದಿನ ಸೀಟಲ್ಲಿ ಕೂತ್ಕೋ. ತಿಂಗಳು ಮುಗಿಯೋ ತನಕ,” ಎಂದಳು.

ಸೋಮವಾರ ಭಾವಮೈದ ಅಂಗಡಿಗೆ ನುಗ್ಗಿದ. ಬಸ್ಸಿನಲ್ಲಿ ಇಬ್ಬರೂ ಹರಟುತ್ತ ಹೋಗುತ್ತಿದ್ದಾರೆಂದೂ, ಇಬ್ಬರ ಮುಖವೂ ಊದಿದೆಯೆಂದೂ ಯಾರೋ ಅವನಿಗೆ ಹೇಳಿದ್ದರು.

“ಭಾವ, ನನ್ನ ಜೋಡಿ?”

“ಆಗಿಹೋಯ್ತು.”

“ಯಾವಾಗ?”

ಅವನ ಪೋಸ್ಟರಿನಲ್ಲಿದ್ದ ಅದೇ ಮಾತು ಅದು. ತಕ್ಕಡಿ ತರಕಾರಿಯವನ ತಕ್ಕಡಿಗೆ ಹೊಸ ಸ್ಪ್ರಿಂಗು ಕೂರಿಸುತ್ತ, ತಲೆ ಎತ್ತದೆ, “ಸ್ವಲ್ಪ ತಡವಾಗಿ,” ಎಂದ.