ಮುಚ್ಚಳದ ಮೇಲಿನ ಹೆಬ್ಬೆರಳು

ಬಣ್ಣ ಕಲಸಿದವರು ಅದೇ ಬಣ್ಣದಲ್ಲಿ ಅದ್ದಿ ಬಕೆಟ್ಟಿನ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಬೇಕು. ಈ ಅಪ್ಪ-ಮಗಳ ಪೇಂಟಿಂಗ್ ಕೆಲಸದಲ್ಲಿ ಅದೇ ಕಾನೂನು. ಬಣ್ಣ ಕೆಟ್ಟರೆ ಬೈಸಿಕೊಳ್ಳುವವರು ಯಾರೆಂದು ಗೊತ್ತಿರಬೇಕಲ್ಲ! ಆದರೆ ಇಷ್ಟು ವರ್ಷವೂ ಒತ್ತಿದ್ದು ಅಪ್ಪನ ಬೆರಳೊಂದೇ. ಮಗಳು ಗೋಡೆ ಉಜ್ಜಿದಳು, ಪುಟ್ಟಿ ಹಚ್ಚಿದಳು, ರೋಲರ್ ಎಳೆದಳು, ಒಂದು ಮಗುವಿನ ತಾಯಿಯೂ ಆದಳು. ಕಲಸುವ ಕೋಲು ಮಾತ್ರ ಕೈಗೆ ಸಿಗಲಿಲ್ಲ. ಕೇಳಿದರೆ, "ಅದು ಕಣ್ಣಳತೆ ಕಣಮ್ಮ, ನಿನಗೆ ಬರಲ್ಲ," ಎಂದು ಅಪ್ಪ ಬಾಯಿ ಮುಚ್ಚಿಸುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆಳಿಗ್ಗೆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅರ್ಧ ಗೋಡೆ ಉಳಿದಿತ್ತು. ಇನ್ನರ್ಧ ಹಿಂದಿನ ದಿನವೇ ಮುಗಿದಿತ್ತು. ಒಂದು ಮಗ್ ನೀಲಿಗೆ ಐದು ಮಗ್ ಬಿಳಿ; ಕಲಸಿದ ಆರು ಮಗ್ ಅದಕ್ಕೆ ಸರಿಹೋಗಿತ್ತು. ಮಧ್ಯಾಹ್ನ ಮಂಚಗಳು ಬರುವುದರೊಳಗೆ ಉಳಿದದ್ದೂ ಆಗಬೇಕು. ಅಪ್ಪ ನರ್ಸಮ್ಮನ ಜೊತೆ ಹರಟುತ್ತಲೇ ಕಲಸಿದರು, ಟಪ್ಪನೆ ಹೆಬ್ಬೆರಳೂ ಒತ್ತಿದರು. ಗೋಡೆಗೆ ಒಂದು ಗೀಟೆಳೆದು ನೋಡಿದರೆ, ಅಯ್ಯೋ, ಕಡುನೀಲಿ!

"ನೀಲಿ ಎರಡು ಸಲ ಹಾಕ್ಬಿಟ್ನಲ್ಲೇ!" ಅಪ್ಪನ ಮುಖ ಸಪ್ಪಗಾಯಿತು. ಡಬ್ಬದಲ್ಲಿ ಉಳಿದಿದ್ದ ಬಿಳಿ ಮೂರೇ ಮಗ್. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಂಚಗಳು ಬಂದು ಕೂತಿರುತ್ತವೆ. "ಇರೋ ಬಿಳೀನೆಲ್ಲ ಸುರಿದುಬಿಡೋಣ," ಎಂದು ಡಬ್ಬ ಎತ್ತಿದರು.

ಮಗಳು ಅವರ ಕೈ ಹಿಡಿದಳು. "ಅಪ್ಪಾ, ತಡಿ! ಎರಡು ಮಗ್ ನೀಲಿಗೆ ಹತ್ತು ಬಿಳಿ ಬೇಕು. ಒಳಗಿರೋದು ಐದು, ಇದೂ ಸೇರಿದ್ರೆ ಎಂಟೇ. ಇರೋ ಬಿಳೀನೂ ಹೋಗುತ್ತೆ, ಬಣ್ಣಾನೂ ಬರಲ್ಲ."

"ಮತ್ತೇನು ಮಾಡ್ತೀಯ?"

"ಕಲಸಿದ್ದರಲ್ಲಿ ಅರ್ಧ ತೆಗೆದಿಡೋಣ."

"ಇಲ್ಲಿ ನಾನು ಬಿಳಿ ಸಾಲ್ದು ಅಂತ ಒದ್ದಾಡ್ತಿದ್ರೆ, ಇವಳು ಇರೋ ಬಣ್ಣಾನೂ ತೆಗೀತಾಳಂತೆ! ಮಗನ ಹೋಂವರ್ಕ್ ಮಾಡಿಸಿ ಮಾಡಿಸಿ ನಿನಗೆ ತಲೆ ಕೆಟ್ಟಿದೆ. ಪುಸ್ತಕದ ಲೆಕ್ಕದಲ್ಲಿ ಬಣ್ಣ ಚೆಲ್ಲೋದೂ ಇಲ್ಲ, ಒಣಗೋದೂ ಇಲ್ಲ ಕಣೆ."

ಅವಳು ಜಗ್ಗಲಿಲ್ಲ. ಬಕೆಟ್ಟಿನಲ್ಲಿದ್ದ ಏಳು ಮಗ್‌ನಲ್ಲಿ ಮೂರೂವರೆ ಅಳೆದು ಬೇರೆ ಬಕೆಟ್ಟಿಗೆ ಸುರಿದಳು. "ಈಗ ಇದರಲ್ಲಿ ನೀಲಿ ಒಂದು, ಬಿಳಿ ಎರಡೂವರೆ. ಇನ್ನೂ ಎರಡೂವರೆ ಬಿಳಿ ಹಾಕಿದ್ರೆ ಐದಾಯ್ತು. ಒಟ್ಟು ಆರು ಮಗ್. ನಿನ್ನೆ ಅರ್ಧ ಗೋಡೆಗೆ ಎಷ್ಟು ಹಿಡೀತು?"

"ಆರು," ಎಂದರು ಅಪ್ಪ. ಕೋಲನ್ನು ತಾವಾಗಿಯೇ ಅವಳ ಕಡೆ ಚಾಚಿದರು.

ಅವಳು ಚೆನ್ನಾಗಿ ಕಲಸಿ, ನಿನ್ನೆಯ ಗೋಡೆಯ ಮೇಲೇ ಒಂದು ಬೊಟ್ಟು ಇಟ್ಟಳು. ಹಸಿ ಬಣ್ಣವನ್ನು ಅಪ್ಪ ಎಂದೂ ನಂಬಿದವರಲ್ಲ. ಒಣಗುವವರೆಗೆ ಇಬ್ಬರೂ ಕಾದರು. ಕೊನೆಗೆ ಅಪ್ಪ ಕನ್ನಡಕ ಏರಿಸಿ, ಬಗ್ಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಎಲ್ಲೇ ಇಟ್ಟಿದ್ದೆ?"

"ಇಲ್ಲೇ... ಇಲ್ಲೇ ಎಲ್ಲೋ ಅಪ್ಪಾ." ಅವಳಿಗೂ ಸಿಗಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೋಡೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಮಂಚಗಳ ಸದ್ದಾಯಿತು. ನರ್ಸಮ್ಮ ಒಳಗೆ ಬಂದು, "ಬಣ್ಣ ಅಂದ್ರೆ ಇದು ನೋಡಿ! ನಿಮ್ಮ ಕೈಯೇ ಕೈ ಯಜಮಾನ್ರೇ," ಎಂದರು.

"ನಂದಲ್ಲಮ್ಮ," ಎಂದರು ಅಪ್ಪ ಎದೆಯುಬ್ಬಿಸಿ. "ನಾನು ಕೆಡಿಸಿದ್ದು. ಕಲಸಿದ್ದು ನನ್ನ ಮಗಳು!"

ಆಮೇಲೆ ಮುಚ್ಚಳದ ಮೇಲಿದ್ದ ತಮ್ಮ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಅವಳ ಮುಂದೆ ಹಿಡಿದರು. ಅವಳು ಬಣ್ಣದಲ್ಲಿ ಬೆರಳದ್ದಿ ಮೆಲ್ಲಗೆ ತಾಗಿಸಿದಳು.

"ಅದೇನು ಕದ್ದವಳ ಥರ ಮುಟ್ತೀಯ? ಜೋರಾಗಿ ಒತ್ತು," ಎಂದು ಅಪ್ಪ ಗದರಿದರು. "ನಾಲ್ಕು ಜನಕ್ಕೆ ತೋರಿಸ್ಬೇಕು ನಾನು."