ಮುಟ್ಟಿದರೆ ಸಿಕ್ಕಿತು

ನಮ್ಮ ಭಾವ ಸಲೂನು ಮಾರಿ ಷೇರು ವ್ಯಾಪಾರಕ್ಕೆ ಇಳಿಯುತ್ತೇನೆಂದು ಹಟ ಹಿಡಿದದ್ದಕ್ಕೆ ನಾನು ಕೆಲಸ ಮಾಡುವ ಕಂಪನಿಯೇ ಕಾರಣ. ನಾವು ತಯಾರಿಸುವುದು ಷೇರು ವ್ಯಾಪಾರದ ಅಭ್ಯಾಸಕ್ಕೆಂದೇ ಇರುವ ಸಾಫ್ಟ್‌ವೇರ್. ಅದರಲ್ಲಿ ಬೆಲೆಗಳು ಪೇಟೆಯವೇ, ದುಡ್ಡು ಮಾತ್ರ ಸುಳ್ಳಿನದು. ಒಂದು ಷೇರು ನೂರು ರೂಪಾಯಿಗೆ ಸಿಕ್ಕರೆ ಕೊಳ್ಳುತ್ತೇನೆ, ಚಿಕ್ಕಾಸೂ ಹೆಚ್ಚು ಕೊಡುವುದಿಲ್ಲ ಎಂದು ನೀವು ಆರ್ಡರ್ ಹಾಕಿದಿರಿ ಎನ್ನಿ, ಬೆಲೆ ಇಳಿದು ನೂರನ್ನು ಮುಟ್ಟಿದ ಕ್ಷಣವೇ ನಮ್ಮ ಸಾಫ್ಟ್‌ವೇರ್ "ಸಿಕ್ಕಿತು!" ಎಂದು ಗಂಟೆ ಹೊಡೆಯುತ್ತದೆ. ನಿಜವಾದ ಪೇಟೆ ಅಷ್ಟು ಧಾರಾಳಿಯಲ್ಲ. ಇದನ್ನು ನಮ್ಮ ಸಾಹೇಬರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. "ಗೆದ್ದೋರು ತಾನೇ ಮತ್ತೆ ಬರೋದು?" ಎನ್ನುತ್ತಾರೆ ಪುಣ್ಯಾತ್ಮರು.

ಫೋನಿನಲ್ಲಿ ಅದನ್ನು ಹಾಕಿಕೊಂಡ ಭಾವ ಗೆದ್ದದ್ದೇ ಗೆದ್ದದ್ದು. ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಫೋನು ನೋಡುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಭಾವನಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಬರೀ ಅಂಕಿ. ಕೊನೆಗೆ ಪಕ್ಕದ ಔಷಧಿ ಅಂಗಡಿಯವರಿಗೆ ಸಲೂನು ಮಾರುವ ಮಾತಾಯಿತು. ಅದರ ಒಳಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುವವಳು ನಮ್ಮ ಅಕ್ಕ. ಕೆಲಸ ಕಲಿತದ್ದು ಅಲ್ಲೇ, ಹೆಸರು ಮಾಡಿದ್ದು ಅಲ್ಲೇ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾತುಕತೆಯ ದಿನ ಬೆಳಿಗ್ಗೆಯೇ ಹೋಗಿ ಕೂತೆ.

"ಭಾವ, ನಿಮ್ಮ ಅಂಗಡಿ ಬಾಗಿಲು ಮುಟ್ಟಿದ ತಕ್ಷಣ ಕಟಿಂಗ್ ಆಗಿಬಿಡುತ್ತಾ?"

"ಅದು ಹೇಗಾಗುತ್ತೆ? ಬೆಂಚಲ್ಲಿ ಕೂತೋರದ್ದು ಮೊದಲು."

"ಪೇಟೇಲೂ ಹಾಗೇ. ನೂರಕ್ಕೆ ಬೇಕು ಅಂತ ನಿಮಗಿಂತ ಮೊದಲೇ ಎಷ್ಟೋ ಜನ ಕೂತಿರ್ತಾರೆ."

"ನಿನಗೆ ಹೊಟ್ಟೆಕಿಚ್ಚು ಕಣೇ."

ನಮ್ಮ ಸಾಫ್ಟ್‌ವೇರ್‌ನಲ್ಲಿ ಯಾರೂ ಇಣುಕದ ಮೂಲೆಯಲ್ಲೊಂದು ಗುಂಡಿ ಇದೆ. ನಾನೇ ಜಗಳವಾಡಿ ಇಡಿಸಿದ್ದು. ಅದನ್ನು ಒತ್ತಿದರೆ ನಿಮ್ಮದು ಸಾಲಿನಲ್ಲಿ ಕೊನೆಯ ಜಾಗ. ಬೆಲೆ ನೂರನ್ನು ಮುಟ್ಟಿದರೆ ಆಗಲಿಲ್ಲ, ನೂರಕ್ಕಿಂತ ಕೆಳಗೆ ಇಳಿದರೆ ಮಾತ್ರ ಸಿಕ್ಕಂತೆ. ಭಾವನಿಗೆ ಅದನ್ನು ತೋರಿಸಿದೆ.

"ಒತ್ತು, ನೋಡೇಬಿಡೋಣ," ಎಂದು ಅವರು ಮೀಸೆಯ ಮೇಲೆ ಕೈ ಹಾಕಿದರು.

ನೂರಕ್ಕೆ ಆರ್ಡರ್ ಹಾಕಿದರು. ಬೆಲೆ ಮೆಲ್ಲಗೆ ಇಳಿದು ನೂರಕ್ಕೆ ಬಂತು, ಒಂದು ಗಳಿಗೆ ನಿಂತಿತು, ಮತ್ತೆ ಮೇಲೆದ್ದು ನೂರಾನಾಲ್ಕಕ್ಕೆ ಹೋಯಿತು. ಗಂಟೆ ಹೊಡೆಯಲಿಲ್ಲ.

"ಮುಟ್ತು! ನಾನು ಕಣ್ಣಾರೆ ನೋಡಿದೆ!"

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಮುಂದಿದ್ದೋರಿಗೆ ಸಿಕ್ತು. ನಿಮ್ಮ ಸರದಿ ಬರೋಷ್ಟರಲ್ಲಿ ಮಾಲು ಖಾಲಿ."

ಇನ್ನೊಂದು ಕಂಪನಿಯ ಷೇರಿಗೆ ಹಾಕಿದರು. ಅಲ್ಲಿಯೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೆಯದನ್ನು ಐವತ್ತಕ್ಕೆ ಹಾಕಿದಾಗ ಗಂಟೆ ಹೊಡೆಯಿತು. ಭಾವ ಕತ್ತರಿ ಹಿಡಿದೇ ಕುಣಿದರು. ಕುಣಿತ ಮುಗಿಯುವಷ್ಟರಲ್ಲಿ ಬೆಲೆ ನಲವತ್ತನಾಲ್ಕಕ್ಕೆ ಕುಸಿದಿತ್ತು.

"ಇದೇನೇ ಇದು? ಒಳ್ಳೇದು ಸಿಗಲ್ಲ, ಸಿಕ್ಕಿದ್ದು ಒಳ್ಳೇದಲ್ಲ!"

"ಕೊನೇಲಿ ನಿಂತೋರಿಗೂ ಸಿಕ್ತು ಅಂದ್ರೆ, ಇದ್ದೋರೆಲ್ಲ ಮಾರಿ ಓಡ್ತಿದ್ದಾರೆ ಅಂತ ಅರ್ಥ. ಕೇಳಿದ ತಕ್ಷಣ ಸಿಕ್ಕಿದ್ರೆ ಮೊದಲು ಹೆದರ್ಕೋಬೇಕು ಭಾವ."

ಭಾವ ಕತ್ತರಿ ಕೆಳಗಿಟ್ಟರು. ಅಷ್ಟರಲ್ಲಿ ಔಷಧಿ ಅಂಗಡಿಯವರು ಬಂದು ಕುರ್ಚಿಯಲ್ಲಿ ಕೂತರು. ಅಕ್ಕ ಪೊರಕೆ ಹಿಡಿದು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಅಳುವೇ ಬಂತು. ಭಾವ ಗಂಟಲು ಸರಿಮಾಡಿಕೊಂಡು, ಮನಸ್ಸಿನಲ್ಲಿ ಎಣಿಸಿಟ್ಟಿದ್ದ ಬೆಲೆ ಹೇಳಿಯೇಬಿಟ್ಟರು.

"ಆಯ್ತು," ಅಂದರು ಔಷಧಿ ಅಂಗಡಿಯವರು.

ಚೌಕಾಸಿಯಿಲ್ಲ, ಕೊಸರಾಟವಿಲ್ಲ. ಭಾವನ ಮುಖ ಬಿಳಿಚಿಕೊಂಡಿತು. ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. "ಕೇಳಿದ ತಕ್ಷಣ ಸಿಕ್ತಲ್ಲೇ!"

"ಮತ್ತೆ? ಹೆದರ್ಕೊಳ್ಳಿ."

ಹೆದರಿದರು. "ಇಲ್ಲ, ಸದ್ಯಕ್ಕೆ ಕೊಡೋ ಯೋಚನೆ ಇಲ್ಲ," ಎಂದರು. ಔಷಧಿ ಅಂಗಡಿಯವರು ಕೂತಲ್ಲೇ ಬೆಲೆ ಏರಿಸಿದರು. ಭಾವನ ಕಣ್ಣು ಅರಳಿತು, ಬಾಯಿಯೂ ತೆರೆಯಿತು. ಆದರೆ ಯಾಕೋ ಅಕ್ಕನ ಕಡೆ ತಿರುಗಿದರು. ಈ ವ್ಯವಹಾರದಲ್ಲಿ ಅವಳ ಮುಖ ನೋಡಿದ್ದು ಅದೇ ಮೊದಲು.

ಅಕ್ಕ ನೆಲದ ಕೂದಲು ಗುಡಿಸುತ್ತಲೇ ಹೇಳಿದಳು. "ಇನ್ನೂ ಎಷ್ಟು ಏರಿಸ್ತಾರೆ ಕೇಳಿ. ಕೇಳಾದ್ಮೇಲೆ, ಕೊಡಲ್ಲ ಅನ್ನಿ."

ಭಾವ ಕೇಳಿದರು. ಆಮೇಲೆ ಕೊಡುವುದಿಲ್ಲ ಎಂದರು.