ಅತ್ತಿಗೆಯ ಲಾಗಿನ್

"ಅತ್ತಿಗೆ, ಈಗ ಎಲ್ಲಿದ್ದೀರಾ?"

"ಇನ್ನೆಲ್ಲಿರ್ತೀನಿ? ಮುರಿದ ಕಾಲು ಚಾಚ್ಕೊಂಡು ಮಂಚದ ಮೇಲೆ. ಯಾಕೆ, ದನಿ ಯಾಕೆ ಹಿಂಗಿದೆ?"

ಆಫೀಸಿನಲ್ಲಿ ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಎದುರಿನ ಪರದೆಯ ಪ್ರಕಾರ, ಮಂಚದ ಮೇಲಿದ್ದ ಇದೇ ಅತ್ತಿಗೆ ಆಫೀಸಿನ ಕಂಪ್ಯೂಟರಿಗೆ ಲಾಗಿನ್ ಆಗಿ ಬಿಲ್ಲಿಂಗ್ ವಿಭಾಗದ ಫೈಲುಗಳನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತಿದ್ದರು.

ಆಸ್ಪತ್ರೆಗಳಿಗೆ ಔಷಧ ಕಳಿಸುವ ಕಂಪನಿ ಅದು. ಅದರ ನೆಟ್‌ವರ್ಕಿಗೆ ಕಳ್ಳರು ನುಗ್ಗದಂತೆ ಕಾಯುವುದು ಅವಳ ಕೆಲಸ. ದಿನವಿಡೀ ಎಚ್ಚರಿಕೆಗಳು ಬರುತ್ತಲೇ ಇರುತ್ತವೆ; ಬಹುಪಾಲು ಗಾಳಿಗೆ ಬೊಗಳುವ ನಾಯಿಗಳು. ಯಾರೋ ಪಾಸ್‌ವರ್ಡ್ ಮರೆತಿರುತ್ತಾರೆ, ಯಾರೋ ಮನೆಯ ಪೆನ್‌ಡ್ರೈವ್ ಚುಚ್ಚಿರುತ್ತಾರೆ. ಇದನ್ನೂ ಹಾಗೆಯೇ ಬದಿಗೆ ಸರಿಸಲು ಹೊರಟಿದ್ದಳು, ಹೆಸರು ಕಣ್ಣಿಗೆ ಬಿತ್ತು. ಗಂಡನ ಅಕ್ಕ, ಅದೇ ಬಿಲ್ಲಿಂಗ್ ವಿಭಾಗದವರು. ಈ ಕೆಲಸಕ್ಕೆ ಅವಳನ್ನು ಸೇರಿಸಿದ್ದೂ ಅವರೇ.

"ಬೆಳಿಗ್ಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ನಿಮ್ಮ ಕಂಪ್ಯೂಟರ್ ವಿಭಾಗದೋರೇ ಮಾಡಿದ್ರಲ್ಲ! ಮೊಬೈಲಿಗೆ ಬಂದ ಓಟಿಪಿ ನಂಬರ್ ಹೇಳಿ ಅಂದ್ರು. ನಾನೇನು ಪೆದ್ದಿನಾ, ಹೇಳ್ಲಿಲ್ಲ. ಆಮೇಲೆ ನಿನ್ನ ಹೆಸರು ಹೇಳಿದ್ರು, ನೀನೇ ಕೇಳೋಕೆ ಹೇಳಿದ್ದು ಅಂದ್ರು." ಅತ್ತಿಗೆಯ ದನಿ ತಗ್ಗಿತು. "ನೀನಲ್ವಾ?"

ಅವಳು ಅತ್ತಿಗೆಯ ಖಾತೆ ಮುಚ್ಚಿದಳು. ಉಸಿರು ಬಿಡುವಷ್ಟರಲ್ಲಿ ಬಿಲ್ಲಿಂಗಿನಲ್ಲಿ ಅತ್ತಿಗೆಯ ಪಕ್ಕದ ಮೇಜಿನ ಕಂಪ್ಯೂಟರಿನ ಹೆಸರಿನಲ್ಲಿ ಹೊಸ ಕೆಂಪು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ಅವಳು ಬಾಗಿಲು ಹಾಕುವ ಮೊದಲೇ ಕಳ್ಳ ಒಳಮನೆ ಸೇರಿಬಿಟ್ಟಿದ್ದ.

ಮ್ಯಾನೇಜರ್ ಬಂದು ಅವಳ ಕುರ್ಚಿಯ ಹಿಂದೆ ನಿಂತರು.

"ಇಡೀ ಬಿಲ್ಲಿಂಗ್ ವಿಭಾಗದ ಸಂಪರ್ಕ ಕತ್ತರಿಸ್ಬೇಕು ಸರ್."

"ತಲೆ ನೆಟ್ಟಗಿದೆಯಾ? ಬಿಲ್ ಇಲ್ದೆ ಒಂದು ಲಾರಿನೂ ಹೊರಡಲ್ಲ. ನಾಳೆ ಇದು ಸುಳ್ಳು ಅಲಾರಂ ಅಂತಾದ್ರೆ ಆಸ್ಪತ್ರೆಯೋರಿಗೆ ಯಾರು ಉತ್ತರ ಕೊಡೋದು? ಮೊದ್ಲು ಹೇಳು, ಯಾರ ಲಾಗಿನ್ ಇದು?"

ಫೋನು ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆ ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹುಡುಕಿ ಹೇಳ್ತೀನಿ ಎಂದರೆ ಸಂಜೆಯವರೆಗಾದರೂ ತಳ್ಳಬಹುದಿತ್ತು. ಅಷ್ಟರಲ್ಲಿ ಮತ್ತೊಂದು ಸಾಲು ಕೆಂಪಾಯಿತು.

"ನಮ್ಮ ಅತ್ತಿಗೆದು. ನನ್ನ ಹೆಸರು ಹೇಳಿ ಅವರ ಹತ್ರ ನಂಬರ್ ಇಸ್ಕೊಂಡಿದ್ದಾರೆ. ಇದು ಸುಳ್ಳಲ್ಲ ಸರ್."

ಅವರ ಒಪ್ಪಿಗೆಗೆ ಕಾಯದೆ ಅವಳು ಸಂಪರ್ಕ ಕತ್ತರಿಸುವ ಗುಂಡಿ ಒತ್ತಿದಳು. ಆ ಕಡೆಯಿಂದ ಫೋನು ಕಟ್ಟಾಯಿತು.

ಗಾಜಿನಾಚೆ ಬಿಲ್ಲಿಂಗಿನವರು ಒಬ್ಬೊಬ್ಬರೇ ಕುರ್ಚಿ ಬಿಟ್ಟೆದ್ದು, ಕರೆಂಟು ಹೋಯಿತೇನೋ ಎಂಬಂತೆ ಮೇಲೆ ದೀಪ ನೋಡಿದರು. ದೀಪ ಉರಿಯುತ್ತಲೇ ಇತ್ತು. ಕೈಬರಹದ ಬಿಲ್ಲು ಹಿಡಿದು ಲಾರಿಗಳು ತಡವಾಗಿ ಹೊರಟವು. ಒಂದಿಷ್ಟು ಫೈಲು ಹೋಗಿತ್ತು, ಹೆಚ್ಚಿನದು ಉಳಿದಿತ್ತು. ಮ್ಯಾನೇಜರ್ ಹೊಗಳಲಿಲ್ಲ, ಬೈಯಲೂ ಇಲ್ಲ. "ನಾಳೆ ವಿಚಾರಣೆ ಇದೆ. ನಿಮ್ಮ ಅತ್ತಿಗೇನೂ ಬರ್ಲಿ," ಎಂದರು.

ಸಂಜೆ ಅವಳು ಅತ್ತಿಗೆಯ ಮನೆ ಬಾಗಿಲು ತಟ್ಟಿದಾಗ, ಊರುಗೋಲಿನ ಸದ್ದಿನ ಹಿಂದೆ ಬಾಗಿಲು ತೆರೆಯಿತು. ಅತ್ತಿಗೆಯ ಕಣ್ಣು ಊದಿತ್ತು.

"ಕೆಲಸ ಹೋಗುತ್ತಾ?"

"ಗೊತ್ತಿಲ್ಲ. ನಾಳೆ ವಿಚಾರಣೆಗೆ ನಾನೂ ಜೊತೆಗೆ ಬರ್ತೀನಿ."

"ನಿನ್ನ ಹೆಸರು ಹೇಳಿದ್ರೆ ಇಲ್ಲ ಅನ್ನೋಕಾಗುತ್ತೇನೇ ನಂಗೆ?"

ಅವಳು ಕೈ ಚಾಚಿದಳು. "ಫೋನ್ ಕೊಡಿ ಅತ್ತಿಗೆ, ನೋಡ್ಬೇಕು," ಎಂದಳು.

ಅತ್ತಿಗೆ ಗದ್ದದಿಂದಲೇ ಬೀರುವಿನ ಕಡೆ ತೋರಿಸಿದರು. ಕೆಳಗಿನ ಅರೆಯಲ್ಲಿ ಫೋನನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಮೇಲೆ ದಿಂಬೊಂದನ್ನು ಹೇರಿಟ್ಟಿದ್ದರು.

"ಸ್ವಲ್ಪ ಮೆಲ್ಲಗೆ ಮಾತಾಡು, ಆ ಕಳ್ಳರಿಗೆ ಕೇಳಿಸೀತು," ಎಂದು ಪಿಸುಗುಟ್ಟಿದರು.